ಲ್ಯಾವೆಂಡರ್ ಆಯಿಲ್ ಜಿಸಿ-ಎಂಎಸ್ ಟೆಸ್ಟ್: ರಿಪೋರ್ಟ್ ಸೂಪರ್, ಆದ್ರೆ ಕೈರಲ್ ಟೆಸ್ಟ್ ನೀವೇ ಕೇಳ್ಬೇಕು

ಲ್ಯಾವೆಂಡರ್ ಎಸೆನ್ಷಿಯಲ್ ಆಯಿಲ್ ಅಸಲಿನಾ ಅಂತ ತಿಳ್ಕೊಳ್ಳೋಕೆ ಒಂದು ಪ್ರೈವೇಟ್ ಲ್ಯಾಬ್‌ಗೆ ಜಿಸಿ-ಎಂಎಸ್ ಟೆಸ್ಟ್‌ಗೆ (ಎಣ್ಣೆನ ಆವಿ ಮಾಡಿ, ಅದರಲ್ಲಿರೋ ಪದಾರ್ಥಗಳನ್ನ ಒಂದೊಂದಾಗಿ ಬೇರೆ ಮಾಡಿ ಗುರುತಿಸೋದು) ಸ್ಯಾಂಪಲ್ ಕಳಿಸಿದ್ದೆ, ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. ಬರೀ ಹೆಸರು, ಪರ್ಸೆಂಟ್ ಇರೋ ಟೇಬಲ್ ಕಳಿಸಿ ಕೈ ತೊಳ್ಕೊಂಡಿಲ್ಲ, ಪೂರ್ತಿ ಕ್ರೊಮ್ಯಾಟೋಗ್ರಾಮ್ (ಒಂದೊಂದು ಪದಾರ್ಥಕ್ಕೂ ಒಂದು ಪೀಕ್ ಇರೋ ಗ್ರಾಫ್), ಯಾವ ಕಾಲಮ್ (ಪದಾರ್ಥಗಳನ್ನ ಬೇರೆ ಮಾಡೋ ಸಣ್ಣ ಕೊಳವೆ), ಓವನ್ ಟೆಂಪರೇಚರ್ ಹೇಗೆ ಏರಿಸಿದ್ರು, ಪ್ರತಿ ಪೀಕ್‌ಗೂ ರಿಟೆನ್ಶನ್ ಇಂಡೆಕ್ಸ್ (ಆ ಪದಾರ್ಥ ಕಾಲಮ್‌ನಿಂದ ಯಾವಾಗ ಹೊರಗೆ ಬರತ್ತೆ ಅಂತ ಹೇಳೋ ನಂಬರ್), ಎಲ್ಲಾ ಇದೆ.

ಈ ಇಂಡೆಕ್ಸ್ ಇಲ್ದಿರೋ ರಿಪೋರ್ಟ್ ನಾನಂತೂ ನಂಬಲ್ಲ. ಪೈನೀನ್, ಸ್ಯಾಬಿನೀನ್, ಆಸಿಮೀನ್ ಇವೆಲ್ಲ ಮಾನೋಟರ್ಪೀನ್‌ಗಳು, ಅಂದ್ರೆ ಗಿಡದ ಎಣ್ಣೆಗಳಲ್ಲಿರೋ ಒಂದೇ ಜಾತಿಯ ಪದಾರ್ಥಗಳು, ಎಲ್ಲದರ ಮಾಲಿಕ್ಯುಲರ್ ತೂಕ 136, ಮಾಸ್ ಸ್ಪೆಕ್ಟ್ರಮ್‌ನಲ್ಲೂ (ಮಾಲಿಕ್ಯೂಲ್ ಒಡೆದಾಗ ಬರೋ ಚೂರುಗಳ ತೂಕ ತೋರಿಸೋ ಚಿತ್ರ) 93ರಲ್ಲೇ ಎದ್ದು ಕಾಣೋ ಗೆರೆ, ಹಾಗಾಗಿ ಸಾಫ್ಟ್‌ವೇರ್ ಲೈಬ್ರರಿ ಒಳ್ಳೆ ಮ್ಯಾಚ್ ತೋರಿಸ್ತಾನೇ ತಪ್ಪು ಹೆಸರು ಹೇಳ್ಬಿಡಬಹುದು. ಅಳತೆಗೋಲಿನ ಹಾಗೆ ಆಲ್ಕೇನ್ ಅನ್ನೋ ಹೈಡ್ರೋಕಾರ್ಬನ್‌ಗಳ ಮಿಕ್ಸ್ ಓಡಿಸಿ ಇಂಡೆಕ್ಸ್ ಲೆಕ್ಕ ಹಾಕಿದ್ರೆ ಆ ಗೊಂದಲ ತುಂಬಾ ಕಮ್ಮಿ ಆಗತ್ತೆ. ಡಿಬಿ-5 ಅನ್ನೋ ಮಾಮೂಲಿ ಕಾಲಮ್‌ನಲ್ಲಿ ಲ್ಯಾವೆಂಡರ್‌ನ ಎರಡು ಮುಖ್ಯ ಪದಾರ್ಥಗಳಾದ ಲಿನಲೂಲ್ 1100 ಹತ್ರ, ಲಿನಲೈಲ್ ಅಸಿಟೇಟ್ 1255 ಹತ್ರ ಬರ್ಬೇಕು, ಸರಿಯಾಗಿ ಅಲ್ಲೇ ಬಂದಿವೆ.

ಲಿನಲೂಲ್ 33%, ಲಿನಲೈಲ್ ಅಸಿಟೇಟ್ 36%, ಕ್ಯಾಂಫರ್ 0.3%. ಲ್ಯಾವೆಂಡರ್ ಎಣ್ಣೆಯ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಐಎಸ್ಒ 3515ರಲ್ಲಿ ಫ್ರೆಂಚ್ ಲ್ಯಾವೆಂಡರ್‌ಗೆ ಲಿನಲೂಲ್ 25ರಿಂದ 38, ಅಸಿಟೇಟ್ 25ರಿಂದ 45 ಅಂತಿದೆ, ಅದರೊಳಗೇ ಇದೆ. ಅಗ್ಗದ ಲ್ಯಾವಂಡಿನ್ (ಮಿಶ್ರತಳಿ ಲ್ಯಾವೆಂಡರ್) ಎಣ್ಣೆ ಜಾಸ್ತಿ ಬೆರೆಸಿದ್ರೆ ಕ್ಯಾಂಫರ್ ಏರಿರ್ತಿತ್ತು.

ಒಂದು ಸ್ಟಾರ್ ಯಾಕೆ ಕಟ್ ಅಂದ್ರೆ, ಲಿಮೊನೀನ್ ಮತ್ತೆ ಸಿನಿಯೋಲ್ ಈ ಕಾಲಮ್‌ನಲ್ಲಿ ಒಂದಕ್ಕೊಂದು ಅಂಟ್ಕೊಂಡೇ ಬರ್ತವೆ, ಇವ್ರು ಇಡೀ ಪೀಕ್‌ಗೆ ಲಿಮೊನೀನ್ ಅಂತ ಒಂದೇ ಹೆಸರು ಹಾಕಿದಾರೆ. ಫೋನ್ ಮಾಡಿದಾಗ ಅಲ್ಲಿನ ಕೆಮಿಸ್ಟ್ ಮೇಡಂ ಬೇಜಾರಿಲ್ದೆ ವಿವರಿಸಿದ್ರು, ವ್ಯಾಕ್ಸ್ ಅನ್ನೋ ಇನ್ನೊಂದು ಥರದ ಕಾಲಮ್‌ನಲ್ಲೂ ಓಡಿಸಿದ್ರೆ ಅವೆರಡೂ ಬೇರೆ ಆಗತ್ತೆ ಅಂದ್ರು, ಆ ಮಾತು ಅವ್ರು ರಿಪೋರ್ಟ್‌ನಲ್ಲೇ ಬರೀಬೇಕಿತ್ತು ಅಲ್ವಾ.

ಇನ್ನೊಂದು, ಈ ನಂಬರ್‌ಗಳೆಲ್ಲ ಸರಿ ಇದ್ರೂ ಫ್ಯಾಕ್ಟರಿ ಲಿನಲೂಲ್ ಸೇರಿಸಿರಬಹುದು. ಗಿಡದಲ್ಲಿ ಹೆಚ್ಚುಕಮ್ಮಿ ಎಲ್ಲಾ ಆರ್ ರೂಪದ ಲಿನಲೂಲೇ ಇರತ್ತೆ, ಸಿಂಥೆಟಿಕ್‌ನಲ್ಲಿ ಆರ್, ಎಸ್ ಎರಡೂ ಅರ್ಧರ್ಧ (ಇವು ಎಡಗೈ, ಬಲಗೈ ಥರ ಒಂದಕ್ಕೊಂದು ಕನ್ನಡಿ ಬಿಂಬದಂಥ ರೂಪಗಳು). ಮಾಮೂಲಿ ಕಾಲಮ್‌ಗೆ ಈ ವ್ಯತ್ಯಾಸ ಕಾಣ್ಸಲ್ಲ, ಸೈಕ್ಲೋಡೆಕ್ಸ್‌ಟ್ರಿನ್ ಅನ್ನೋ ಪದಾರ್ಥ ಇರೋ ಕೈರಲ್ ಕಾಲಮ್ಮೇ (ಈ ಎರಡು ರೂಪಗಳನ್ನ ಬೇರೆ ಮಾಡೋದು) ಬೇಕು. ಅಡುಗೆ ಎಣ್ಣೆ ಬೆರೆಸಿದ್ರೂ ಜಿಸಿ-ಎಂಎಸ್‌ನಲ್ಲಿ ಗೊತ್ತಾಗಲ್ಲ, ಅದು ಆವಿ ಆಗಿ ಡಿಟೆಕ್ಟರ್ ತನಕ ಬರೋದೇ ಇಲ್ಲ. ಈ ಲ್ಯಾಬ್‌ನಲ್ಲಿ ಕೈರಲ್ ಮಾಡ್ತಾರೆ, ಆದ್ರೆ ಫಾರ್ಮ್‌ನಲ್ಲಿ ಆ ಆಪ್ಷನ್ ಇಲ್ಲ, ಸ್ಯಾಂಪಲ್ ಕಳ್ಸೋಕೆ ಮುಂಚೆನೇ ಮೇಲ್‌ನಲ್ಲಿ ಕೇಳಿ. ಸ್ಯಾಂಪಲ್ ಮಾತ್ರ ಕಂದು ಬಣ್ಣದ ಗಾಜಿನ ಬಾಟ್ಲಲ್ಲಿ ಕಂಠಮಟ್ಟ ತುಂಬಿಸಿ ಕಳಿಸಿ, ಪ್ಲಾಸ್ಟಿಕ್ ಬೇಡವೇ ಬೇಡ.