ಹಳೇ ಕಾಯಿನ್ ಗೇಮ್ ಬೋರ್ಡಿನ ಅಂಚಿಗೆ ಲೆಡ್ ಹಚ್ಚಲು ಬಿಡಬೇಡಿ

ಹಳೇ ಕಾಯಿನ್ ಗೇಮ್ ಮೆಷಿನ್ ಇಟ್ಟುಕೊಂಡವರಿಗೆ ಒಂದು ಮಾತು. ಒಳಗಿನ ಸರ್ಕ್ಯೂಟ್ ಬೋರ್ಡಿನ ಅಂಚಿನ ಚಿನ್ನದ ಬಣ್ಣದ ಪಿನ್ನುಗಳು ಸವೆದಿವೆ, ಎಮರಿ ಪೇಪರಿನಲ್ಲಿ ಉಜ್ಜಿ ಲೆಡ್ (ಬೆಸುಗೆಯ ಸಾಲ್ಡರ್) ಹಚ್ಚಿಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಬೋರ್ಡನ್ನು ವಾಪಸ್ ಇಸ್ಕೊಂಡು ಸೀದಾ ಮನೆಗೆ ಬನ್ನಿ. ನಮ್ಮ ಚಿಕ್ಕಪ್ಪನ ಬೋರ್ಡು ಹಾಳಾಗಿದ್ದು ಹಾಗೇ.

ಅವರದು ಮಡಿಕೇರಿ ಹತ್ತಿರ ಹೋಂಸ್ಟೇ. ಮಳೆಗೆ ಹೊರಗೆ ಕಾಲಿಡಲಾಗದ ಅತಿಥಿಗಳಿಗೆ ಹೊತ್ತು ಹೋಗಲಿ ಎಂದು ಹಳೇ ಮೆಷಿನ್ ತಂದು ಹಾಲ್‌ನಲ್ಲಿ ಇಟ್ಟಿದ್ದರು. ನಾವೆಲ್ಲ 'ಮುಸ್ತಫಾ' ಎಂದು ಕರೆಯುತ್ತಿದ್ದ ಗೇಮು, 1993ರ ಕ್ಯಾಡಿಲಾಕ್ಸ್ ಆಂಡ್ ಡೈನೋಸಾರ್ಸ್. ಆಗಾಗ ಕೆಂಪು ಬಣ್ಣ ಮಾಯವಾಗುತ್ತಿತ್ತು. ಯಾರಾದರೂ ಬಟನ್ ಜೋರಾಗಿ ಕುಟ್ಟಿದರೆ ಗೇಮು ಮೊದಲಿನಿಂದ ಶುರುವಾಗುತ್ತಿತ್ತು. ಇದ್ದ ತೊಂದರೆ ಇಷ್ಟೇ.

ಈ ಬೋರ್ಡುಗಳ ಅಂಚಿನಲ್ಲಿ ಮೇಲೆ 28, ಕೆಳಗೆ 28, ಒಟ್ಟು 56 ಪಿನ್ನಿನ ಜಾಗ. 1985ರಲ್ಲಿ ಜಪಾನಿನಿಂದ ಬಂದ ಜಾಮಾ (JAMMA) ಎಂಬ ವೈರಿಂಗ್ ಪದ್ಧತಿ ಇದು. ತಾಮ್ರದ ಪಟ್ಟಿ, ಅದರ ಮೇಲೆ ನಿಕ್ಕಲ್, ಅದರ ಮೇಲೆ ತೆಳ್ಳಗೆ ಚಿನ್ನದ ಗಿಲೀಟು. ಮೆಷಿನ್ನಿನ ವೈರುಗಳ ಕನೆಕ್ಟರನ್ನು ಈ ಅಂಚಿಗೆ ಹಾಕಿ ತೆಗೆದು ಮಾಡಿದಷ್ಟೂ ಚಿನ್ನ ಸವೆಯುತ್ತದೆ. ಒಮ್ಮೆ ತಾಮ್ರ ಬಯಲಾದರೆ ನಮ್ಮ ಕೊಡಗಿನ ಹವೆಯಲ್ಲಿ ಕೇಳಬೇಕೆ? ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಭರಣಿಯ ಉಪ್ಪು ನೀರಾಗುತ್ತದೆ, ಬೆಲ್ಟಿಗೆ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ತಾಮ್ರ ಕಪ್ಪಾಗದೆ ಇರುತ್ತದಾ?

ಪೇಟೆಯ ರಿಪೇರಿಯವರು ಟಿವಿ, ಮಿಕ್ಸಿ ಎಲ್ಲ ಮಾಡುವವರು. ಹೆಸರು ಬೇಡ. ಎಮರಿ ಪೇಪರಿನಲ್ಲಿ ಉಜ್ಜಿ, ಉಳಿದಿದ್ದ ಚಿನ್ನವನ್ನೂ ತೆಗೆದು, ಎಲ್ಲ ಪಿನ್ನಿಗೂ ಲೆಡ್ ಸವರಿದರು. "ಇನ್ನು ಹತ್ತು ವರ್ಷ ತಲೆ ಕೆಡಿಸ್ಕೋಬೇಡಿ ಸಾರ್" ಅಂದರು. ಮೆಷಿನ್ ನಡೆಯಿತು ಕೂಡ! ಇದರಲ್ಲಿರುವ ಮೋಸವೇ ಅದು, ಮೊದಮೊದಲು ಚೆನ್ನಾಗಿಯೇ ನಡೆಯುತ್ತದೆ.

ಲೆಡ್ ಮೆತ್ತಗಿನ ಲೋಹ. ಸಮನಾಗಿ ಕೂರುವುದಿಲ್ಲ, ಒಂದು ಪಿನ್ನಿನ ಮೇಲೆ ಉಬ್ಬು, ಇನ್ನೊಂದರ ಮೇಲೆ ತೆಳು. ಆ ಉಬ್ಬಿಗೆ ಕನೆಕ್ಟರ್ ಒಳಗಿನ ಸ್ಪ್ರಿಂಗುಗಳು ಹಿಗ್ಗಿ ಹಿಡಿತ ಕಳೆದುಕೊಳ್ಳುತ್ತವೆ. ಮೆಷಿನ್ ಅಲುಗಿದಾಗೆಲ್ಲ ಲೆಡ್ಡಿನ ಮೈ ಸವೆದು ಕಿಲುಬು ಕಟ್ಟುತ್ತದೆ. ಬೋರ್ಡಿನ ಜೊತೆ ಕನೆಕ್ಟರೂ ಕೆಟ್ಟಿತು ಅಂದುಕೊಳ್ಳಿ.

ಮಳೆ ಹಿಡಿಯಿತು, ಗೇಮು ಮತ್ತೆ ರೀಸೆಟ್ ಆಗತೊಡಗಿತು. ಈ ಸಲ ರಿಪೇರಿಯವರು ಮನೆಗೇ ಬಂದರು. ಬೋರ್ಡನ್ನು ಮುಟ್ಟಲೂ ಇಲ್ಲ. ಪವರ್ ಸಪ್ಲೈಯಲ್ಲಿ ವೋಲ್ಟೇಜ್ ಏರಿಸುವ ಒಂದು ಸಣ್ಣ ತಿರುಪು ಇರುತ್ತದೆ, ಅದನ್ನು ತಿರುಗಿಸಿ ಗೇಮು ಬಂತು ಎಂದರು. ಚಿಕ್ಕಪ್ಪ ಪಾಪ, ಕಾಫಿ ಕೊಟ್ಟು, ದುಡ್ಡೂ ಕೊಟ್ಟು ಕಳಿಸಿದರು.

ಲೆಡ್ ಹಚ್ಚಿದ್ದಕ್ಕಿಂತ ನನಗೆ ಜಾಸ್ತಿ ಸಿಟ್ಟು ಬಂದದ್ದು ಇದಕ್ಕೆ. ಲೆಕ್ಕ ನೋಡಿ. ಬೋರ್ಡು 3 ಆಂಪಿಯರ್ ಎಳೆಯುತ್ತದೆ ಎನ್ನಿ. ಕಿಲುಬು ಹಿಡಿದ ಜಾಗದಲ್ಲಿ ಬರೀ 0.2 ಓಮ್ ಅಡ್ಡ ಬಂದರೂ 0.6 ವೋಲ್ಟ್ ಅಲ್ಲೇ ನಿಂತುಬಿಡುತ್ತದೆ. 5 ವೋಲ್ಟ್ ಬೇಕಾದ ಕಡೆ 4.4 ಸಿಕ್ಕಿದರೆ ಗೇಮು ರೀಸೆಟ್ ಆಗಲೇಬೇಕು. ಸಪ್ಲೈಯನ್ನು 5.6ಕ್ಕೆ ಏರಿಸಿದರೆ ಬೋರ್ಡಿಗೆ 5 ಸಿಗುತ್ತದೆ, ಸರಿ. ಆದರೆ ಆ ಚೂರು ಜಾಗದಲ್ಲಿ 1.8 ವ್ಯಾಟ್ ಬಿಸಿ ಸುಮ್ನೆ ಕಾಯುತ್ತಾ ಕೂರುತ್ತದೆ.

ಕಡೆಗೆ ಹಾಲ್‌ನಲ್ಲಿ ಸುಟ್ಟ ವಾಸನೆ ಬಂತು. ಸ್ವಿಚ್ ಆರಿಸಿ ಕನೆಕ್ಟರ್ ಎಳೆದೆವು. 5 ವೋಲ್ಟ್ ಬರುವುದು 3 ಮತ್ತು 4ನೇ ಪಿನ್ನಿಗೆ. ಸರಿಯಾಗಿ ಅಲ್ಲೇ ಪ್ಲಾಸ್ಟಿಕ್ ಕಂದಾಗಿ ಗುಳ್ಳೆ ಎದ್ದಿತ್ತು. ಒಂದು ತಾಮ್ರದ ಪಟ್ಟಿ ಬೋರ್ಡಿನಿಂದಲೇ ಬಿಟ್ಟುಕೊಂಡು, ಉಗುರು ತಾಗಿಸಿದರೆ ಅಲ್ಲಾಡುತ್ತಿತ್ತು.

ಮೈಸೂರಿನ ಗೆಳೆಯರೊಬ್ಬರು ಇಂಥ ಬೋರ್ಡು ನೋಡಿ ಗೊತ್ತಿದ್ದವರು. ಅವರು ಮೊದಲು ಮಲ್ಟಿಮೀಟರ್ ಹಿಡಿದು ಸಪ್ಲೈಯನ್ನು 5ಕ್ಕೆ ಇಳಿಸಿದರು. ಈ ಚಿಪ್ಪುಗಳಿಗೆ 4.75ರಿಂದ 5.25ರೊಳಗೆ ಇರಬೇಕು. ಸಪ್ಲೈ ಇಳಿಸದೆ ಹೊಸ ಕನೆಕ್ಟರ್ ಹಾಕಿದ್ದರೆ ಏರಿಸಿಟ್ಟ ವೋಲ್ಟೇಜ್ ಅಷ್ಟೂ ಸೀದಾ ಬೋರ್ಡಿಗೆ ನುಗ್ಗುತ್ತಿತ್ತು. ಆಮೇಲೆ ಲೆಡ್ಡನ್ನು ಕಾಯಿಸಿ ವಿಕ್ ಎಂಬ ತಾಮ್ರದ ಎಳೆಗಳ ಹೆಣಿಗೆಯಲ್ಲಿ ಹೀರಿಸಿ, ಎದ್ದುಬಂದ ಕಡೆ ಹೊಸ ತಾಮ್ರದ ಪಟ್ಟಿಯನ್ನು ಎಪಾಕ್ಸಿಯಲ್ಲಿ ಅಂಟಿಸಿ, ಹಳೇ ಗೆರೆಗೆ ಬೆಸೆದರು. ಪಟ್ಟಿಗಳ ಮೇಲೆ ಕರೆಂಟ್ ಹಾಯಿಸುವ ಗಿಲೀಟು ಬ್ರಷ್‌ನಲ್ಲಿ ನಿಕ್ಕಲ್ ಏರಿಸಿ, ಮೇಲೆ ಚಿನ್ನ. ನಿಕ್ಕಲ್ ಬಿಟ್ಟು ನೇರ ಚಿನ್ನ ಹಾಕಿದರೆ ತಾಮ್ರ ನಿಧಾನಕ್ಕೆ ಅದರೊಳಗೆ ಸೇರಿಕೊಂಡು ಮೇಲೆ ಬರುತ್ತದಂತೆ. ಅಕ್ಕಸಾಲಿಗರ ಹತ್ತಿರ ಗಿಲೀಟು ಮಾಡಿಸಬಹುದಲ್ವಾ ಎಂದು ಚಿಕ್ಕಪ್ಪ ಕೇಳಿದರು. ಅಪ್ಪಟ ಚಿನ್ನ ಮೆತ್ತಗೆ, ಉಜ್ಜಾಟಕ್ಕೆ ಬಾಳುವುದಿಲ್ಲ. ಇದಕ್ಕೆ ಚೂರು ಕೋಬಾಲ್ಟ್ ಅಥವಾ ನಿಕ್ಕಲ್ ಬೆರೆತ ಗಟ್ಟಿ ಚಿನ್ನ ಬೇಕು.

ನಿಮ್ಮ ಬೋರ್ಡು ಇನ್ನೂ ಈ ಗತಿಗೆ ಬಂದಿಲ್ಲ ಅಂದರೆ ಇಷ್ಟೆಲ್ಲ ಬೇಡ. ಬರೀ ಮಂಕಾಗಿದ್ದರೆ ಐಪಿಎಯಲ್ಲಿ (ಐಸೊಪ್ರೊಪೈಲ್ ಆಲ್ಕೋಹಾಲ್) ಒರೆಸಿ. ಹೋಗದಿದ್ದರೆ ಬಿಳಿ ರಬ್ಬರಿನಲ್ಲಿ ಮೆಲ್ಲಗೆ ಉಜ್ಜಿ, ಪುಡಿ ಉಳಿಯದಂತೆ ಇನ್ನೊಮ್ಮೆ ಒರೆಸಿ. ರೀಸೆಟ್ ಆದರೆ ತಿರುಪು ಮುಟ್ಟುವ ಮೊದಲು ವೋಲ್ಟೇಜ್ ಅಳೆಯಿರಿ, ಅದೂ ಸಪ್ಲೈ ಹತ್ತಿರ ಒಮ್ಮೆ, ಬೋರ್ಡಿನ ಚಿಪ್ ಹತ್ತಿರ ಒಮ್ಮೆ. ಎರಡರ ನಡುವೆ ಅರ್ಧ ವೋಲ್ಟ್ ವ್ಯತ್ಯಾಸ ಇದ್ದರೆ ತಪ್ಪು ಸಪ್ಲೈಯದಲ್ಲ, ನಡುವಿನ ವೈರು, ಕನೆಕ್ಟರ್, ಪಿನ್ನುಗಳ ದಾರಿಯದು. ಮೇಲಿಂದ ಮೇಲೆ ಬೋರ್ಡು ಬದಲಾಯಿಸುವವರು ಬೋರ್ಡಿಗೂ ಕನೆಕ್ಟರಿಗೂ ನಡುವೆ ಜಾಮಾ ಎಕ್ಸ್‌ಟೆಂಡರ್ ಎಂಬ ಒಂದು ಜೋಡಣೆ ತುಂಡು ಸಿಕ್ಕಿಸಿಡಿ, ಸವೆಯುವುದು ಅದೇ ಸವೆಯಲಿ. ಕನೆಕ್ಟರ್ ಹುಡುಕಲು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರೆ 56 ಪಿನ್, 3.96 ಮಿ.ಮೀ. ಅಂತರ ಎಂದು ಕೇಳಿ. ಹಳೆಯದನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ.