ದೊಡ್ಡವರಿಗೆ ದಡಾರ ಲಸಿಕೆ: ನೇರವಾಗಿ ಹಾಕಿಸುವುದೋ, ಮೊದಲು ರಕ್ತ ಪರೀಕ್ಷೆಯೋ?

ಎರಡು ಡೋಸ್ ಪಡೆದ ದಾಖಲೆ ಇದ್ದವರಿಗೆ ಬೂಸ್ಟರ್ ಬೇಕಿಲ್ಲ. ಎಪ್ಪತ್ತು ದಾಟಿದವರಲ್ಲಿ ಬಹುತೇಕರಿಗೆ ಬಾಲ್ಯದಲ್ಲೇ ದಡಾರ ಬಂದುಹೋಗಿರುತ್ತದೆ. ತೊಡಕಿರುವುದು ನಡುವಿನವರಿಗೆ. ರಾಷ್ಟ್ರೀಯ ಕಾರ್ಯಕ್ರಮಕ್ಕೆ ಈ ಲಸಿಕೆ ಸೇರಿದ್ದು 1985ರಲ್ಲಿ, ಎರಡನೇ ಡೋಸ್ 2010ರಲ್ಲಿ. ಹಾಗಾಗಿ ಈಗ ಮೂವತ್ತು, ನಲವತ್ತರ ಆಸುಪಾಸಿನ ಅನೇಕರಿಗೆ ಸಿಕ್ಕಿದ್ದು ಹೆಚ್ಚೆಂದರೆ ಒಂದೇ ಡೋಸ್. ಒಂದು ಡೋಸಿನ ರಕ್ಷಣೆ ಸುಮಾರು ಶೇ. 93, ಎರಡರದ್ದು ಶೇ. 97. ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಟ್ರಂಕು ತಡಕಾಡಿದರೆ ಹಳೆಯ ಲಸಿಕೆ ಚೀಟಿ ಸಿಕ್ಕೀತು. ಆದರೆ ಮಳೆಗಾಲದ ಥಂಡಿಗೆ ಮಡಿಕೆಗಳು ಅಂಟಿಕೊಂಡು, ಶಾಯಿ ಹರಡಿ, ದಿನಾಂಕವೇ ಓದಲಾಗದು.

ರಕ್ತ ಪರೀಕ್ಷೆಯಿಂದ ಪ್ರತಿಕಾಯ (ರೋಗಾಣುವಿನ ವಿರುದ್ಧ ದೇಹ ತಯಾರಿಸುವ ರಕ್ಷಕ ಅಂಶ) ಇದೆಯೇ ಎಂದು ತಿಳಿಯುತ್ತದೆ. ‘ಚಿಕ್ಕಂದಿನಲ್ಲಿ ಅಮ್ಮ ಎದ್ದಿತ್ತು’ ಎನ್ನುವವರಿಗೆ ಬಂದದ್ದು ದಡಾರವೋ ಸೀತಾಳೆ ಸಿಡುಬೋ ಎಂಬ ಗೊಂದಲವೂ ಬಗೆಹರಿಯುತ್ತದೆ. ಆದರೆ ವರದಿಗೆ ಕಾಯಬೇಕು. ಪ್ರತಿಕಾಯ ಇಲ್ಲವೆಂದಾದರೆ ಲಸಿಕೆಗೆಂದು ಮತ್ತೆ ಶಿವಮೊಗ್ಗದ ಬಸ್ ಹತ್ತಬೇಕು.

ನೇರವಾಗಿ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಲಸಿಕೆ) ಹಾಕಿಸಿಕೊಳ್ಳುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಈಗಾಗಲೇ ರಕ್ಷಣೆ ಇದ್ದರೂ ಇನ್ನೊಂದು ಡೋಸಿನಿಂದ ಹಾನಿಯಿಲ್ಲ. ಆಸ್ಪತ್ರೆಯಲ್ಲಿ ದುಡಿಯುವವರು, ಹಾಸ್ಟೆಲ್ ವಿದ್ಯಾರ್ಥಿಗಳು, ವಿದೇಶಕ್ಕೆ ಹೊರಟವರು 28 ದಿನಗಳ ಅಂತರದಲ್ಲಿ ಎರಡು ಡೋಸ್ ಪೂರೈಸಿಕೊಳ್ಳಲಿ.

ಇದು ಜೀವಂತ ವೈರಾಣುವಿನ ಲಸಿಕೆ. ಗರ್ಭಿಣಿಯರಿಗೆ, ರೋಗನಿರೋಧಕ ಶಕ್ತಿ ತೀರಾ ಕುಂದಿದವರಿಗೆ ಕೂಡದು. ಹಾಕಿಸಿಕೊಂಡ ಬಳಿಕ ಒಂದು ತಿಂಗಳು ಗರ್ಭಧಾರಣೆ ಬೇಡ. ಗರ್ಭಿಣಿಗೆ ದಡಾರದ ಸಂಪರ್ಕವಾದರೆ ಆಗ ರಕ್ತ ಪರೀಕ್ಷೆ ನಿಜಕ್ಕೂ ಉಪಯುಕ್ತ. ತಡಮಾಡದೆ ವೈದ್ಯರನ್ನು ಕಾಣಬೇಕು. ಉಳಿದವರು ಸಂಪರ್ಕವಾದ 72 ಗಂಟೆಯೊಳಗೆ ಲಸಿಕೆ ಪಡೆದರೆ ರೋಗ ತಪ್ಪುವ ಸಾಧ್ಯತೆ ಇದೆ.