ಪುಣೆಯಿಂದ ಬೆಳಗಾವಿಗೆ: ಕಾರು ತರಬೇಕೋ, ಇಲ್ಲೇ ಕೊಳ್ಳಬೇಕೋ?

ಬೇರೆ ರಾಜ್ಯದಿಂದ ಬೆಳಗಾವಿಗೆ ಬಂದು ನೆಲೆಸುವವರಿಗೆ ಮನೆ ಸಿಕ್ಕ ಮೇಲೆ ಶುರುವಾಗುವ ತಲೆನೋವು ಗಾಡಿಯದು. ಇದ್ದ ಕಾರನ್ನು ತರುವುದಾ, ಅಲ್ಲೇ ಮಾರಿ ಇಲ್ಲಿ ಬೇರೆ ತಗೊಳ್ಳುವುದಾ? ನಮ್ಮ ಕುಟುಂಬದಲ್ಲಿ ಎರಡೂ ಆಗಿದೆ. ನಾನು ನನ್ನ ಎಂಎಚ್-12 ಪಾಸಿಂಗ್ ಡೀಸೆಲ್ ಡಿಸೈರ್‌ ಅನ್ನು ಪುಣೆಯಿಂದ ಓಡಿಸಿಕೊಂಡೇ ಬಂದೆ. ಹೆಂಡತಿ ತನ್ನ ಕಾರನ್ನು ಅಲ್ಲೇ ಮಾರಿ, ಇಲ್ಲಿ ಕೆಎ-22 ಪಾಸಿಂಗ್‌ನ ಹಳೇ ವ್ಯಾಗನ್‌ಆರ್ ತಗೊಂಡಳು. ಪುಣೆ ಬಿಟ್ಟು ಬಾಗಲಕೋಟೆಯ ನವನಗರಕ್ಕೆ ಬಂದ ಅವಳ ತಮ್ಮ ಶೋರೂಮಿನಿಂದ ಹೊಸದೇ ತಂದ.

ಮೂರರಲ್ಲಿ ಗೆದ್ದದ್ದು ಹೆಂಡತಿಯೇ. ಕಾರಣ ಕಾರಿನ ಬೆಲೆ ಅಲ್ಲ. ಊರು ಬದಲಿಸುವಾಗ ಯಾವುದು ಗಾಡಿಯ ಜೊತೆ ಹೋಗುತ್ತದೆ, ಯಾವುದು ನಮ್ಮ ಜೊತೆ ಬರುತ್ತದೆ ಅನ್ನುವುದೇ ಇಲ್ಲಿ ಮುಖ್ಯ. ಕಟ್ಟಿದ ರೋಡ್ ಟ್ಯಾಕ್ಸ್ ಗಾಡಿಯದು, ಅದೂ ಆ ರಾಜ್ಯಕ್ಕೆ ಮಾತ್ರ. ಇನ್ಶೂರೆನ್ಸಿನಲ್ಲಿ ಕ್ಲೇಮ್ ಮಾಡದೆ ಗಳಿಸಿದ ನೋ ಕ್ಲೇಮ್ ಬೋನಸ್, ಅಂದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಮಾತ್ರ ನಮ್ಮದು. ಅದನ್ನು ಜೇಬಿನಲ್ಲಿಟ್ಟುಕೊಂಡು ಬರಬಹುದು.

ಮೊದಲು ನನ್ನ ಡಿಸೈರ್. ಬೆಳಗಾವಿಯಲ್ಲಿ ಎಂಎಚ್-09, ಜಿಎ-03 ನಂಬರ್ ಕಂಡರೆ ಯಾರೂ ತಿರುಗಿ ನೋಡುವುದಿಲ್ಲ. ಕೊಲ್ಲಾಪುರ, ಗೋವಾ ಎರಡೂ ಮಗ್ಗುಲಲ್ಲೇ ಇವೆ. ಹಾಗಾಗಿ "ಯಾರ್ ಕೇಳ್ತಾರ್ರಿ ಸರ, ಹಂಗ ಓಡಸ್ರಿ" ಅನ್ನುವ ಸಲಹೆ ಪುಕ್ಕಟೆ ಸಿಗುತ್ತದೆ. ಆದರೆ ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಪ್ರಕಾರ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡ ಗಾಡಿಗೆ ಅಲ್ಲಿನ ನಂಬರ್ ಹಾಕಿಸಲೇಬೇಕು. ನಾಳೆ ಇಲ್ಲೇ ಮಾರಬೇಕೆಂದರೂ ಎನ್‌ಒಸಿ (ಹಳೇ ಆರ್‌ಟಿಓ ಕೊಡುವ ನಿರಾಕ್ಷೇಪಣಾ ಪತ್ರ) ಇಲ್ಲದ ಎಂಎಚ್ ಗಾಡಿಗೆ ಗಿರಾಕಿ ಚೌಕಾಸಿ ಜೋರಾಗಿಯೇ ಮಾಡುತ್ತಾನೆ.

ಕೆಲಸದ ಸಾಲು ಹೀಗಿದೆ. ಲೋನ್ ಇದ್ದರೆ ಮೊದಲು ಬ್ಯಾಂಕಿನ ಒಪ್ಪಿಗೆ ಪತ್ರ. ಹಳೇ ಇ-ಚಲನ್ ಎಲ್ಲ ಕಟ್ಟಿ ಮುಗಿಸಬೇಕು. ಆಮೇಲೆ ಹಳೇ ಆರ್‌ಟಿಓದಲ್ಲಿ ಫಾರ್ಮ್ 28 ಕೊಟ್ಟು ಎನ್‌ಒಸಿ. ಇದಕ್ಕೆ ಚಾಸಿ ನಂಬರಿನ ಪೆನ್ಸಿಲ್ ಅಚ್ಚು, ಚಾಲ್ತಿಯಲ್ಲಿರುವ ಇನ್ಶೂರೆನ್ಸ್, ಹೊಗೆ ತಪಾಸಣೆ ಪತ್ರ ಬೇಕು. ಇಲ್ಲಿಗೆ ಬಂದ ಮೇಲೆ ಹೊಸ ನಂಬರಿಗಾಗಿ ಫಾರ್ಮ್ 27, ಗಾಡಿ ತೋರಿಸುವುದು, ಕೊನೆಗೆ ಟ್ಯಾಕ್ಸ್. ಎನ್‌ಒಸಿಯನ್ನು ಪುಣೆ ಬಿಡುವ ಮುಂಚೆಯೇ ಮಾಡಿಸಿಕೊಂಡರೆ ಅರ್ಧ ಓಡಾಟ ತಪ್ಪುತ್ತದೆ.

ನಿಜವಾದ ಹೊಡೆತ ಟ್ಯಾಕ್ಸಿನದು. ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್ ದೇಶದಲ್ಲೇ ಜಾಸ್ತಿ ಇರುವವುಗಳಲ್ಲಿ ಒಂದು. ಪೆಟ್ರೋಲ್, ಡೀಸೆಲ್ ಕಾರಿನ ಬೆಲೆ 5 ಲಕ್ಷದೊಳಗಿದ್ದರೆ ಶೇ. 13, 10 ಲಕ್ಷದವರೆಗೆ ಶೇ. 14, 20 ಲಕ್ಷದವರೆಗೆ ಶೇ. 17, ಅದರ ಮೇಲೆ ಶೇ. 18. ಮೇಲಿಂದ ಸೆಸ್. ಹೊರಗಿನಿಂದ ಬಂದ ಗಾಡಿಗೆ ವಯಸ್ಸು ನೋಡಿ ಇದರಲ್ಲಿ ಒಂದು ಪಾಲು ಹಾಕುತ್ತಾರೆ. ಗಾಡಿ ಹಳೆಯದಾದಷ್ಟೂ ಪಾಲು ಕಡಿಮೆ. ಆದರೆ ಲೆಕ್ಕ ಇಂದು ಮಾರಿದರೆ ಬರುವ ಬೆಲೆಯ ಮೇಲಲ್ಲ, ಗಾಡಿ ಹೊಸದಿದ್ದಾಗಿನ ಬೆಲೆಯ ಮೇಲೆ. ಹಳೇ ರಾಜ್ಯದಲ್ಲಿ ಉಳಿದ ವರ್ಷಗಳ ಟ್ಯಾಕ್ಸ್ ವಾಪಸ್ ಕೇಳಬಹುದು. ಅದಕ್ಕೆ ಹೊಸ ಆರ್‌ಸಿ ತೋರಿಸಿ ಅಲ್ಲಿಯೇ ಅರ್ಜಿ ಹಾಕಬೇಕು. ಅಂದರೆ ಮೊದಲು ಇಲ್ಲಿ ಪೂರ್ತಿ ಕೈಯಿಂದ ಕಟ್ಟಿರಬೇಕು.

ಹಾಗಿದ್ದರೂ ನಾನು ಡಿಸೈರ್ ತಂದದ್ದು ಯಾಕೆ? ಮಾರುತಿಯವರು 2020ರ ಏಪ್ರಿಲ್‌ನಿಂದ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿದರು. ನನ್ನದು ಕಡಿಮೆ ಓಡಿದ ಗಾಡಿ, ಎಂಜಿನ್ ಬಾಯಿ ಬಿಡುವುದಿಲ್ಲ, ಗೋವಾಕ್ಕೂ ಬಾಗಲಕೋಟೆಗೂ ಮೇಲಿಂದ ಮೇಲೆ ಓಡಾಟ. ಇಂಥ ಗಟ್ಟಿ ಕಾರಣ ಇದ್ದರೆ ತನ್ನಿ. ಸುಮ್ನೆ ಮಮತೆಗಾಗಿ ಬೇಡ.

ಹೆಂಡತಿಯ ದಾರಿ ಬೇರೆ. ಪುಣೆಯಲ್ಲಿ ಕಾರು ಮಾರಿದ ಕೂಡಲೇ ಅವಳು ಮಾಡಿದ ಕೆಲಸ ಒಂದೇ. ಮಾರಿದ್ದಕ್ಕೆ ದಾಖಲೆಯಾಗಿ ಫಾರ್ಮ್ 29 ಮತ್ತು ಕೊಂಡವನ ಹೆಸರಿಗಾದ ಆರ್‌ಸಿ ನಕಲನ್ನು ತನ್ನ ಇನ್ಶೂರೆನ್ಸ್ ಕಂಪನಿಗೆ ಕೊಟ್ಟು, ಬೋನಸ್ ಕಾಯ್ದಿರಿಸಿದ ಪತ್ರ ತಗೊಂಡಳು. ಈ ಪತ್ರ ಮೂರು ವರ್ಷ ನಡೆಯುತ್ತದೆ. ಬೋನಸ್ ಮೊದಲ ವರ್ಷ ಶೇ. 20, ಆಮೇಲೆ 25, 35, 45, ಕೊನೆಗೆ 50. ಅವಳದು 45ಕ್ಕೆ ಬಂದಿತ್ತು. ಬೆಳಗಾವಿಯಲ್ಲಿ ಕೊಂಡ ವ್ಯಾಗನ್‌ಆರ್‌ಗೆ ಹೊಸ ಪಾಲಿಸಿ ಮಾಡಿಸುವಾಗ ಆ 45 ನೇರ ಇಲ್ಲಿ ಕೂತಿತು. ಇದು ಗೊತ್ತಿಲ್ಲದೆ ಬೋನಸ್ಸನ್ನು ಕೈಯಾರೆ ಬಿಟ್ಟು ಬರುವವರೇ ಜಾಸ್ತಿ.

ಇದರ ಇನ್ನೊಂದು ಮುಖವೂ ಇದೆ. ಮಾರುವವನ ಬೋನಸ್ ನಿಮಗೆ ಬರುವುದಿಲ್ಲ. "ಇನ್ಶೂರೆನ್ಸ್ ಇನ್ನ ಎಂಟ್ ತಿಂಗಳ ಐತ್ರಿ, ನೀವ ಏನೂ ಮಾಡೂದ ಬ್ಯಾಡ" ಅಂತ ಮಾರುವವರು ಹೇಳುತ್ತಾರೆ. ಅದು ಅರ್ಧ ಮಾತ್ರ ನಿಜ. ಥರ್ಡ್ ಪಾರ್ಟಿ ಭಾಗ (ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಯದು) ಗಾಡಿಯ ಜೊತೆ ತಾನಾಗಿ ಬರುತ್ತದೆ. ನಿಮ್ಮ ಗಾಡಿಗೆ ಆದ ಹಾನಿಯ ಭಾಗ ಬರಬೇಕಾದರೆ 14 ದಿನದೊಳಗೆ ಅರ್ಜಿ ಹಾಕಿ ಪಾಲಿಸಿ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು, ಹಳೇ ಮಾಲೀಕನಿಗೆ ಸಿಕ್ಕಿದ್ದ ಬೋನಸ್ಸಿನ ವ್ಯತ್ಯಾಸವನ್ನೂ ಕಟ್ಟಬೇಕು. ಹಾಗೇ ಬಿಟ್ಟರೆ ಗುದ್ದಿಸಿಕೊಂಡ ದಿನ ಕಂಪನಿ ಕೈ ಎತ್ತುತ್ತದೆ. ಹೆಸರು ವರ್ಗಾವಣೆಯ ಫಾರ್ಮ್ 29, 30ಕ್ಕೆ ಸಹಿ ಹಾಕಿಸಿಕೊಂಡು, ಅವನ್ನು ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಂಡೇ ವರ್ಷಗಟ್ಟಲೆ ಓಡಿಸುವವರು ನಮ್ಮ ಕಡೆ ಕಡಿಮೆ ಇಲ್ಲ.

ಹಳೇ ಗಾಡಿ ಎಲ್ಲಿ ಕೊಳ್ಳಬೇಕು? ನಾವು ಖಾನಾಪುರ ರಸ್ತೆಯ ಕಡೆ ಡೀಲರ್‌ಗಳ ಹತ್ತಿರವೂ ನೋಡಿದೆವು, ನೇರ ಮಾಲೀಕರ ಹತ್ತಿರವೂ ನೋಡಿದೆವು. ಡೀಲರ್ ಹೆಸರು ವರ್ಗಾಯಿಸಿ ಕೊಡುತ್ತಾನೆ, ಅದಕ್ಕೆ ತನ್ನ ಪಾಲು ಇಟ್ಟುಕೊಳ್ಳುತ್ತಾನೆ. ಊರಿಗೆ ಹೊಸಬರಿಗೆ ಅದು ದುಬಾರಿ ಅಲ್ಲ. ಕ್ಯಾಂಪ್ ಕಡೆ ಸೇನೆಯವರು ವರ್ಗವಾಗಿ ಹೋಗುವಾಗ ಮಾರುವ ಕಾರುಗಳು ಚೆನ್ನಾಗಿ ಸರ್ವಿಸ್ ಆಗಿರುತ್ತವೆ. ಆದರೆ ಪಾಸಿಂಗ್ ಹರಿಯಾಣದ್ದೋ ರಾಜಸ್ಥಾನದ್ದೋ ಇದ್ದರೆ ಮತ್ತೆ ನನ್ನ ಎನ್‌ಒಸಿ ಕಥೆಯೇ. ಕೊನೆಗೆ ತಿಲಕವಾಡಿಯ ಒಬ್ಬ ನಿವೃತ್ತ ಮೇಷ್ಟ್ರ ಗಾಡಿ ಸಿಕ್ಕಿತು, ಒಂದೇ ಕೈ.

ದುಡ್ಡು ಕೊಡುವ ಮುಂಚೆ ಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ನೋಡಿ. ಎಷ್ಟನೇ ಮಾಲೀಕ, ಲೋನ್ ಬಾಕಿ ಇದೆಯಾ, ಇನ್ಶೂರೆನ್ಸ್ ಎಂದಿನವರೆಗೆ, ಎಲ್ಲ ತಿಳಿಯುತ್ತದೆ. ಇನ್ನೊಂದು, 2019ರ ಆಗಸ್ಟಿನಲ್ಲಿ ಬೆಳಗಾವಿ, ಬಾಗಲಕೋಟೆ ಎರಡೂ ಪ್ರವಾಹ ಕಂಡವು. ಅದಕ್ಕಿಂತ ಹಳೇ ಗಾಡಿಯಾದರೆ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ತುದಿಯಲ್ಲಿ ಕೆಸರಿನ ಗೆರೆ ಕಂಡರೆ, ಸೀಟಿನ ಕೆಳಗಿನ ಹಳಿ ತುಕ್ಕು ಹಿಡಿದಿದ್ದರೆ, ಮೇಲಿನ ಪಾಲಿಶ್ ನೋಡಿ ಮರುಳಾಗಬೇಡಿ.

ಹೊಸ ಗಾಡಿಯ ಬಗ್ಗೆ ಹೇಳುವುದು ಕಡಿಮೆ. ಕೆಎ-29 ನಂಬರ್ ಶೋರೂಮಿನವರೇ ಮಾಡಿಸಿ ಕೊಟ್ಟರು, ಹೆಂಡತಿಯ ತಮ್ಮ ಎಲ್ಲೂ ಅಲೆಯಲಿಲ್ಲ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಒಟ್ಟಿಗೇ ಕಟ್ಟಬೇಕು, ಹಾಗಾಗಿ ಮೊದಲ ಬಿಲ್ ದಪ್ಪ. ಈಗ ಕೊಳ್ಳುವವರಿಗೆ ಒಂದು ಅನುಕೂಲ ಇದೆ: 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಶೋರೂಮಿನಲ್ಲೇ ಇನ್ಶೂರೆನ್ಸ್ ಮಾಡಿಸಬೇಕೆಂಬ ಕಾನೂನು ಇಲ್ಲ. ಹೊರಗಿನ ಒಂದು ಕೊಟೇಶನ್ ಕೈಯಲ್ಲಿ ಹಿಡಿದು ಹೋಗಿ ಕೂತರೆ ಅವರ ದರವೂ ಇಳಿಯುತ್ತದೆ. ಮತ್ತೆ ಮತ್ತೆ ರಾಜ್ಯ ಬದಲಿಸುವ ಕೇಂದ್ರ ಸರ್ಕಾರಿ ನೌಕರರಾಗಿದ್ದರೆ 2021ರಲ್ಲಿ ಬಂದ, ರಾಜ್ಯ ಬದಲಿಸಿದರೂ ಬದಲಾಯಿಸಬೇಕಿಲ್ಲದ ಬಿಎಚ್ (ಭಾರತ್) ನಂಬರ್ ಕೇಳಿ ನೋಡಿ. ಟ್ಯಾಕ್ಸನ್ನು ಎರಡೆರಡು ವರ್ಷಕ್ಕೆ ಕಟ್ಟುತ್ತಾ ಹೋಗಬಹುದು.

ಇನ್ನು ಇನ್ಶೂರೆನ್ಸ್. ಡಿಸೈರ್‌ದು ನಾನು ಆನ್‌ಲೈನ್ ಮಾಡಿದೆ, ವ್ಯಾಗನ್‌ಆರ್‌ದು ಬೆಳಗಾವಿಯ ಶಹಾಪುರದ ಒಬ್ಬ ಏಜೆಂಟ್ ಕೈಯಲ್ಲಿ ಮಾಡಿಸಿದೆವು. ಥರ್ಡ್ ಪಾರ್ಟಿ ದರ ಎಲ್ಲಿ ಮಾಡಿಸಿದರೂ ಒಂದೇ, ಅದನ್ನು ಸರ್ಕಾರ ನಿಗದಿ ಮಾಡುತ್ತದೆ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಲ್ಲಿ 1000 ಸಿಸಿಯೊಳಗಿನ ಕಾರಿಗೆ 2,094 ರೂಪಾಯಿ, 1500 ಸಿಸಿವರೆಗೆ 3,416, ಜಿಎಸ್‌ಟಿ ಬೇರೆ. ಸ್ಪರ್ಧೆ ಇರುವುದು ಉಳಿದ ಭಾಗದಲ್ಲಿ. ಅಲ್ಲಿ ಆನ್‌ಲೈನ್ ಅಗ್ಗ ಬಿತ್ತು. ಇನ್ಶೂರೆನ್ಸ್ ದರದ ಲೆಕ್ಕದಲ್ಲಿ ಪುಣೆ 'ಎ' ವಲಯದಲ್ಲಿದೆ, ಬೆಳಗಾವಿ 'ಬಿ' ವಲಯದಲ್ಲಿದೆ. ಹಾಗಾಗಿ ನಂಬರ್ ಬದಲಾದ ಮೇಲೆ ಚೂರು ಉಳಿಯುತ್ತದೆ, ಆದರೆ ಹಬ್ಬ ಮಾಡುವಷ್ಟಲ್ಲ. ಹೊಸ ನಂಬರನ್ನೂ ವಿಳಾಸವನ್ನೂ ಪಾಲಿಸಿಯಲ್ಲಿ ಬರೆಸುವುದು ಮಾತ್ರ ಬಿಡಬೇಡಿ.

ಅಗ್ಗವೋ ಅಲ್ಲವೋ ಗೊತ್ತಾಗುವುದು ಕ್ಲೇಮ್ ದಿನ. ಗೋವಾವೇಸ್ ಹತ್ತಿರ ಒಂದು ಟೆಂಪೋ ಹಿಂದಕ್ಕೆ ಬಂದು ನನ್ನ ಬಂಪರ್ ಒಡೆಯಿತು. ಇಂಥ ಬಂಪರ್ 8,000 ರೂಪಾಯಿ ಅಂತ ಇಟ್ಟುಕೊಳ್ಳಿ. ಸಾದಾ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಕ್ಕೆ ಅರ್ಧ ಸವಕಳಿ ಕಳೆಯುತ್ತಾರೆ. ಉಳಿದ 4,000ದಲ್ಲಿ ನಾವು ಕೊಡಲೇಬೇಕಾದ 1,000 ಹೋಗಿ ಕೈಗೆ ಬರುವುದು 3,000. ಅದಕ್ಕಾಗಿ ಶೇ. 50ರ ಬೋನಸ್ ಪೂರ್ತಿ ಸೊನ್ನೆಗೆ ಇಳಿಯುತ್ತದೆ. ಪರಿಚಯವಿದ್ದ ಆ ಶಹಾಪುರದ ಏಜೆಂಟೇ ಫೋನಿನಲ್ಲಿ "ಕ್ಲೇಮ್ ಬ್ಯಾಡ ಬಿಡ್ರಿ ಸರ, ಬೋನಸ್ ಹೋಗ್ತೇತಿ" ಅಂದರು. ಅದು ಅವರು ಮಾಡಿದ ಪಾಲಿಸಿಯೂ ಅಲ್ಲ! ಉದ್ಯಮಬಾಗದ ಮೇಸ್ತ್ರಿಯ ಹತ್ತಿರ ಕೈಯಿಂದ ಕೊಟ್ಟು ಮಾಡಿಸಿದೆ.

ವ್ಯಾಗನ್‌ಆರ್ ಕಥೆ ದೊಡ್ಡದು. ಮಳೆಗಾಲದಲ್ಲಿ ಚೋರ್ಲಾ ಘಾಟಿನ ತಿರುವೊಂದರಲ್ಲಿ ಎದುರಿಂದ ಬಂದ ಲಾರಿ ಬಾಗಿಲು, ಫೆಂಡರ್ ಎರಡನ್ನೂ ಉಜ್ಜಿಕೊಂಡು ಹೋಯಿತು. ಗಾಡಿಗೆ ನಾಲ್ಕು ವರ್ಷ ದಾಟಿತ್ತು. ಆ ವಯಸ್ಸಿಗೆ ಸಾದಾ ಪಾಲಿಸಿಯಲ್ಲಿ ಕಬ್ಬಿಣದ ಭಾಗಕ್ಕೂ ಶೇ. 35 ಕಳೆಯುತ್ತಾರೆ. ಅವಳದು ಝೀರೋ ಡೆಪ್, ಅಂದರೆ ಸವಕಳಿ ಕಳೆಯದ ಪಾಲಿಸಿ. ಏಜೆಂಟ್ ತಾವೇ ಹಾನಿ ಅಂದಾಜು ಮಾಡುವ ಸರ್ವೇಯರ್ ಜೊತೆ ಮಾತಾಡಿದರು, ಗ್ಯಾರೇಜಿನಲ್ಲಿ ಕ್ಯಾಶ್‌ಲೆಸ್ ಆಯಿತು, ಅವಳ ಕೈಯಿಂದ ಹೋದದ್ದು ಆ 1,000 ಮತ್ತು ಚಿಲ್ಲರೆ ಖರ್ಚು. ಬೋನಸ್ ಹೋಯಿತು ನಿಜ, ಆದರೆ ಇಷ್ಟು ದೊಡ್ಡ ಬಿಲ್ಲಿಗೆ ಹೋದರೆ ಹೋಗಲಿ. ನನ್ನ ಆನ್‌ಲೈನ್ ಪಾಲಿಸಿಯಲ್ಲಿ ಇದೇ ಕೆಲಸಕ್ಕೆ ಟೋಲ್‌ಫ್ರೀ ನಂಬರ್ ಒತ್ತುತ್ತಾ ಕೂರಬೇಕಿತ್ತು. ಊರಿಗೆ ಹೊಸಬರು, ಯಾವ ಗ್ಯಾರೇಜ್ ಒಳ್ಳೆಯದು ಅಂತಲೂ ತಿಳಿಯದವರು ಮೊದಲ ವರ್ಷವಾದರೂ ಏಜೆಂಟ್ ಮೂಲಕ ಮಾಡಿಸುವುದೇ ವಾಸಿ ಅಂತ ನನ್ನ ಅನಿಸಿಕೆ.

ಇಲ್ಲಿನ ಮಳೆಗೆ ಎಂಜಿನ್ ಪ್ರೊಟೆಕ್ಷನ್ ಕೂಡ ಸೇರಿಸಿ. ಬಳ್ಳಾರಿ ನಾಲಾ ಉಕ್ಕಿದಾಗ ತಗ್ಗಿನ ರಸ್ತೆಗಳಲ್ಲಿ ನೀರು ನಿಲ್ಲುತ್ತದೆ. ನೀರಿನಲ್ಲಿ ನಿಂತ ಗಾಡಿಗೆ ಮತ್ತೆ ಚಾವಿ ತಿರುಗಿಸಿದರೆ ಎಂಜಿನ್ ಒಳಕ್ಕೆ ನೀರು ಎಳೆದುಕೊಳ್ಳುತ್ತದೆ. ಸಾದಾ ಪಾಲಿಸಿ ಆ ಹಾನಿಯನ್ನು ಕೊಡುವುದಿಲ್ಲ. ಝೀರೋ ಡೆಪ್ಪನ್ನು ಬಹಳ ಕಂಪನಿಗಳು ಐದು ವರ್ಷ ದಾಟಿದ ಗಾಡಿಗೆ ಕೊಡಲು ಹಿಂದೆ ಮುಂದೆ ನೋಡುತ್ತವೆ. ಹಾಗಾಗಿ ನನ್ನ ಡಿಸೈರ್‌ಗೆ ಈ ಸಲ ಎಂಜಿನ್ ಪ್ರೊಟೆಕ್ಷನ್ ಸಿಕ್ಕರೆ ಸಾಕು ಅಂತ ಅದೇ ಶಹಾಪುರದ ಏಜೆಂಟರಿಗೆ ಕೊಟೇಶನ್ ಕೇಳಿದ್ದೇನೆ.